ನಲವತ್ತಮೂರರಲ್ಲಿ ಕಲಿತ ಓಟ

ನನ್ನ ವಾರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಮದುವೆಯಾಗಿ ಕಾಶಿಗೆ ಬಂದಾಗ ನನಗೆ ಹಿಂದಿ ಬರುತ್ತಿರಲಿಲ್ಲ. ಗೋದೌಲಿಯಾದ ತರಕಾರಿ ಗಾಡಿಯವರ ಹತ್ತಿರ ಚೌಕಾಸಿ ಮಾಡುವುದನ್ನೂ ಅತ್ತೆಯ ಮುಖ ನೋಡಿ ಮನಸ್ಸು ತಿಳಿಯುವುದನ್ನೂ ಕಲಿಸಿದವಳು ಅವಳೇ. ನಮ್ಮ ಮನೆಯ ಗಂಡಸರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಗಂಗೆಯ ದಡದಲ್ಲಿ ಶ್ರಾದ್ಧ, ಪಿಂಡಪ್ರದಾನ ಮಾಡಿಸುವ ಪುರೋಹಿತರು. ಬಂದವರಿಗೆ ಅಡುಗೆ ಮಾಡಿ ಬಡಿಸುವುದು ನಮ್ಮಿಬ್ಬರ ಕೆಲಸ. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ನಿಂತೆವು.

ಒಂದು ಪಿತೃಪಕ್ಷಕ್ಕೆ ಮುಂಚೆ ಅವಳು ನನ್ನನ್ನು ಬಚ್ಚಲಮನೆಗೆ ಕರೆದು ಬಾಗಿಲು ಹಾಕಿದಳು. ನನ್ನ ಕೈ ಹಿಡಿದು ತನ್ನ ಎದೆಯ ಎಡಗಡೆ ಇಟ್ಟುಕೊಂಡಳು. ಹುಣಸೆ ಬೀಜದಷ್ಟು ಗಟ್ಟಿ ಗಂಟು.

“ನೋವಿದೆಯಾ?”

“ಇಲ್ಲ ಕಣೇ. ಅದಕ್ಕೇ ಸುಮ್ಮನಿದೀನಿ. ಪಕ್ಷ ಮುಗೀಲಿ, ತೋರಿಸ್ತೀನಿ. ಯಾರಿಗೂ ಹೇಳಲ್ಲ ಅಂತ ನನ್ನ ಮೇಲೆ ಆಣೆ ಮಾಡು.”

ಮಾಡಿದೆ. ಪಕ್ಷ ಮುಗಿಯಿತು, ಕಾರ್ತಿಕ ಬಂತು. ಕಾರ್ತಿಕದಲ್ಲಿ ಬಸ್ಸುಗಟ್ಟಲೆ ಜನ. ನಾನು ಕೇಳಿದಾಗೆಲ್ಲ “ಈ ತಂಡ ಹೋಗ್ಲಿ” ಎನ್ನುತ್ತಿದ್ದಳು. ನಾನೂ ಅನ್ನದ ತಪ್ಪಲೆಯ ಕಡೆ ತಿರುಗುತ್ತಿದ್ದೆ. ಮಾಘದಲ್ಲಿ ಕಂಕುಳಲ್ಲೂ ಗಂಟು ಕಾಣಿಸಿದ ಮೇಲೆ ಆಸ್ಪತ್ರೆಗೆ ಹೋದೆವು. “ಇಷ್ಟು ತಡ ಯಾಕೆ ಮಾಡಿದಿರಿ?” ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಅವಳ ಗಂಡ, ನಮ್ಮ ಭಾವ, ನೆಲ ನೋಡುತ್ತಿದ್ದರು. ನಾನು ಬಾಯಿ ತೆರೆಯಲಿಲ್ಲ.

ಆ ವರ್ಷವೆಲ್ಲ ಕೀಮೋಗೆಂದು ಓಡಾಡಿದೆವು. ಆಸ್ಪತ್ರೆಯ ಹೊರಗೆ, ಬಿಹಾರದ ಹಳ್ಳಿಗಳಿಂದ ಬಂದ ರೋಗಿಗಳ ಮನೆಯವರು ಫುಟ್‌ಪಾತಿನಲ್ಲೇ ಮಲಗುತ್ತಿದ್ದರು. ಅಂಥವರಿಗೆ ಉಚಿತ ವಸತಿ ಕೊಡುವ ಒಂದು ಸಂಸ್ಥೆಯಿತ್ತು. ಹಣ ಕೂಡಿಸಲು ಅದು ಪ್ರತಿ ಚಳಿಗಾಲ ಓಟ ಇಡುತ್ತಿತ್ತು. ಓಡುವವರು ತಮ್ಮ ಪರಿಚಯದವರಿಂದ ದೇಣಿಗೆ ತರಬೇಕು. ಗೋಡೆಯ ಮೇಲಿನ ಪೋಸ್ಟರನ್ನು ಅಕ್ಕ ನನ್ನಿಂದ ಎರಡು ಸಲ ಓದಿಸಿಕೊಂಡಳು.

“ನೀನು ಓಡು.”

“ನಾನಾ? ರೈಲು ತಪ್ಪಿದಾಗಲೂ ಓಡಿದವಳಲ್ಲ ನಾನು.”

“ನಮ್ಮನೇಲಿ ಎಷ್ಟು ಜನ ಮಲಗಿ ಎದ್ದು ಹೋಗ್ತಾರೆ. ಇವರು ನೋಡು, ರೋಡಲ್ಲಿ. ನನ್ನ ಕೈಲಂತೂ ಆಗಲ್ಲ. ನೀನು ಓಡು, ನಾನು ನೋಡ್ತೀನಿ.”

ಬೆಳಗಿನ ಜಾವ ಸಲ್ವಾರ್ ತೊಟ್ಟು, ಮಗಳ ಬೂಟು ಹಾಕಿಕೊಂಡು ಘಾಟಿನ ಉದ್ದಕ್ಕೂ ಓಡತೊಡಗಿದೆ. ನೂರು ಹೆಜ್ಜೆಗೆ ಪಕ್ಕೆ ಹಿಡಿಯುತ್ತಿತ್ತು. “ಕೇಹು ಪೀಛೇ ಪಡಲ್ ಬಾ ಕಾ, ಚಾಚೀ?” ಎಂದ ಒಬ್ಬ ದೋಣಿಯವನು, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರಾ ಎಂದು. ಅತ್ತೆ ಮಾತ್ರ ನಗಲಿಲ್ಲ. “ಸೀರೆ ಬಿಟ್ಟು ಬೀದೀಲಿ ಓಡ್ತಾಳಂತೆ, ಈ ವಯಸ್ಸಲ್ಲಿ!” ಎಂದರು. ಒಳಗಿನಿಂದ ಅಕ್ಕನ ದನಿ ಬಂತು: “ನಾನು ಹೇಳಿದ್ದು ಅತ್ತೆ. ಬಿಡಿ ಅವಳನ್ನ.” ಮರುದಿನ ನಾನು ಹಿಂತಿರುಗುವಷ್ಟರಲ್ಲಿ ಅತ್ತೆಯೇ ಬೇಳೆ ಬೇಯಲು ಇಟ್ಟಿದ್ದರು.

ಓಟ ಐದು ಕಿಲೋಮೀಟರ್. ಅರ್ಧ ನಡೆದೆ. ಕೊನೆಯ ತಿರುವಿನಲ್ಲಿ ಅಕ್ಕ ಇ-ರಿಕ್ಷಾದಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಕೂತಿದ್ದಳು. ಚಪ್ಪಾಳೆ ತಟ್ಟುತ್ತಿದ್ದಳು, ಶಬ್ದವೇ ಬರುತ್ತಿರಲಿಲ್ಲ. “ನಿಲ್ಲಬೇಡ! ನಿನ್ನ ಹಿಂದೆ ಇನ್ನೂ ಮೂರು ಜನ ಇದಾರೆ!”

ಹೋಳಿ ಹಬ್ಬಕ್ಕೆ ಮುಂಚೆ ಅವಳು ಹೋದಳು. ಅವರಿಗೆ ಮಕ್ಕಳಿರಲಿಲ್ಲ, ಕರ್ಮ ಭಾವನೇ ಮಾಡಬೇಕಾಯಿತು. ಸಾವಿರಾರು ಮನೆತನಗಳವರಿಗೆ ಪಿಂಡ ಇಡಿಸಿದ ಆ ಮನುಷ್ಯನಿಗೆ ಅವತ್ತು ಒಂದು ಮಂತ್ರವೂ ನೆನಪಾಗಲಿಲ್ಲ. ನನ್ನ ಗಂಡ ಒಂದೊಂದೇ ಪದ ಹೇಳಿಕೊಟ್ಟರು. ಮೊದಲ ಪಾಠದ ವಟುವಿನಂತೆ ಭಾವ ಅದನ್ನು ಹಾಗೇ ತಿರುಗಿ ಹೇಳಿದರು.

ಮುಂದಿನ ಚಳಿಗಾಲ ಮತ್ತೆ ಹೆಸರು ಕೊಟ್ಟೆ. ದೇಣಿಗೆ ಕೇಳಲು ಒಂದು ಮಧ್ಯಾಹ್ನ ಭಾವನ ಕೋಣೆಗೆ ಹೋದೆ. ಕೇಳಬೇಕಾದ್ದು ಬಾಯಿಗೆ ಬರಲಿಲ್ಲ, ಬೇರೆಯದೇ ಬಂತು. “ಭಾವ, ನನಗೆ ಮೊದಲೇ ಗೊತ್ತಿತ್ತು. ಪಿತೃಪಕ್ಷಕ್ಕೆ ಮುಂಚೇನೇ. ಆಣೆ ಮಾಡಿಸ್ಕೊಂಡಿದ್ಲು, ಹೇಳಲಿಲ್ಲ.”

“ನನಗೆ ಆಷಾಢದಲ್ಲೇ ಹೇಳಿದ್ಲಮ್ಮ,” ಎಂದರು ಭಾವ. “ನನ್ನ ಕೈಲೂ ಆಣೆ ಮಾಡಿಸ್ಕೊಂಡ್ಲು. ಬರೋರನ್ನ ಬೇಡ ಅನ್ನೋದು ಹ್ಯಾಗೆ ಅಂತ ನಾನೂ ಸುಮ್ಮನಾದೆ.”

ಮೊದಲು ನನಗೆ ಬಂದದ್ದು ಸಿಟ್ಟು. ನಾನೊಬ್ಬಳೇ ಹೊತ್ತೆನೆಂದುಕೊಂಡಿದ್ದನ್ನು ಈ ಮನುಷ್ಯನೂ ಹೊತ್ತು ನನ್ನೆದುರೇ ದಿನಾ ಊಟ ಮಾಡಿ ಏಳುತ್ತಿದ್ದರಲ್ಲ! ಇಬ್ಬರಲ್ಲಿ ಒಬ್ಬರು ಮಾತು ಮುರಿದಿದ್ದರೆ ಸಾಕಿತ್ತು. ಆದರೆ ಅವರ ಭುಜ ಅಲುಗುವುದು ಕಂಡು ಸಿಟ್ಟು ಉಳಿಯಲಿಲ್ಲ. ನಾವಿಬ್ಬರೂ ಎದುರುಬದುರು ಕೂತು ಅತ್ತೆವು.

ಆ ಓಟದಲ್ಲಿ ಎದೆಗೆ ಅಂಟಿಸುವ ಚೀಟಿಯಲ್ಲಿ, ಯಾರಿಗಾಗಿ ಓಡುತ್ತೀರಿ ಎಂಬಲ್ಲಿ, ಕನ್ನಡದಲ್ಲಿ ‘ಅಕ್ಕ’ ಎಂದು ಬರೆದೆ. ಪಕ್ಕದ ಹುಡುಗಿ ಇದೇನು ಎಂದು ಕೇಳಿದಳು. “ದೀದಿ,” ಎಂದೆ. ಐದು ಕಿಲೋಮೀಟರನ್ನೂ ನಿಲ್ಲದೆ ಓಡಿದೆ. ಮುಗಿಸಿದವಳು ಅಲ್ಲಿ ಕೊಟ್ಟ ಬಾಳೆಹಣ್ಣು ತಿನ್ನಲಾರದೆ ಕೈಯಲ್ಲೇ ಹಿಡಿದು ಮನೆಗೆ ಬಂದೆ.

ಭಾವ ಈಗ ಯಾತ್ರಿಕರ ಊಟವಾದ ಮೇಲೆ ಎದ್ದು ನಿಲ್ಲುತ್ತಾರೆ. ಎದೆಯಲ್ಲಿ ಗಂಟಿದ್ದರೆ ಮುಚ್ಚಿಡಬೇಡಿ ತಾಯಂದಿರೇ, ಯಾತ್ರೆ ಕಾಯುತ್ತದೆ ಎನ್ನುತ್ತಾರೆ. ಮೊದಲ ದಿನ ಅವರ ಕಿವಿ ಕೆಂಪಾಗಿತ್ತು. ಹೆಂಗಸರು ತಲೆ ತಗ್ಗಿಸಿದರು. ಒಬ್ಬ ಗಂಡಸು, “ಪುರೋಹಿತರು ಆಡೋ ಮಾತಾ ಇದು?” ಎಂದು ಎದ್ದುಹೋದ. ಭಾವ ಹೇಳುವುದನ್ನು ನಿಲ್ಲಿಸಲಿಲ್ಲ.

ಕಳೆದ ಕಾರ್ತಿಕದಲ್ಲಿ ಹಾವೇರಿ ಕಡೆಯ ಹೆಂಗಸೊಬ್ಬಳು ನನ್ನ ಹಿಂದೆ ಅಡುಗೆಮನೆಗೆ ಬಂದು, “ಅಕ್ಕಾರ, ಎಲ್ಲಿ ತೋರಸ್ಬೇಕ್ರಿ?” ಎಂದು ಪಿಸುಗುಟ್ಟಿದಳು. ಮರುದಿನ ಬೆಳಿಗ್ಗೆಯೇ ಅವಳನ್ನು ಕರೆದೊಯ್ದೆ. ಸಾಲಿನಲ್ಲಿ ನಾಲ್ಕು ತಾಸು ಕೂತೆವು. ಪರೀಕ್ಷೆಗೆಂದು ಗಂಟಿಗೆ ಸೂಜಿ ಹಾಕುವಾಗ ಅವಳು ನನ್ನ ಕೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದಳು. ವರದಿ ಬರುವ ಮುಂಚೆ ಅವರ ಬಸ್ಸು ಹೊರಟಿತು. ವರದಿಯನ್ನು ನಾನೇ ತಂದು, ಫೋಟೋ ತೆಗೆದು ಅವಳ ಮಗನ ಮೊಬೈಲಿಗೆ ಕಳಿಸಿದೆ. ಒಳ್ಳೆಯದಿರಲಿಲ್ಲ. ಫೋನು ಮಾಡಿದಾಗ ಅವಳು ಅಳಲಿಲ್ಲ. “ಆತ್ರಿ, ನಾಳೆ ಹುಬ್ಬಳ್ಳಿ ದವಾಖಾನಿಗೆ ಹೊಂಟೇವಿ,” ಎಂದಳು ಅಷ್ಟೆ.