ತಂಗಿ ರಿಪೇರಿ ಮಾಡಿದ ಬೈಕು

ಅಪ್ಪನ ಬೈಕು ನನ್ನ ಕೈಗೆ ಬಂದ ಮೇಲೆ ಒಂದು ಚಾಳಿ ಕಲಿಯಿತು. ಮನೆಯಿಂದ ಹೊರಟಾಗ ಚೆನ್ನಾಗಿಯೇ ಓಡುವುದು. ಎಂಟು ಹತ್ತು ಕಿಲೋಮೀಟರು ಆಗುತ್ತಲೇ ಎಳೆದಾಡಿ, ಮುಕ್ಕರಿದು, ನಿಂತುಬಿಡುವುದು. ಅರ್ಧ ಗಂಟೆ ಬಿಟ್ಟು ಕಿಕ್ಕರ್ ತುಳಿದರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್ ಆಗುವುದು. ನಾನು ರಾಮನಗರದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ನಮ್ಮೂರು ವಿರೂಪಾಕ್ಷಿಪುರದ ಪಕ್ಕ. ಎಷ್ಟೋ ಬೆಳಿಗ್ಗೆ ಚನ್ನಪಟ್ಟಣ ಮುಟ್ಟುವ ಮೊದಲೇ ರಸ್ತೆ ಬದಿ ನಿಂತು, ನನ್ನ ವಿದ್ಯಾರ್ಥಿಗಳು ಬಸ್ಸಿನ ಕಿಟಕಿಯಿಂದ ಕೈಬೀಸುವುದನ್ನು ನೋಡಿದ್ದೇನೆ.

ಪೆಟ್ರೋಲು ಸರಿಯಾಗಿ ಇಳಿಯುತ್ತಿಲ್ಲ ಎಂಬುದು ನನಗೂ ಹೊಳೆದಿತ್ತು. ಮೊಬೈಲಿನಲ್ಲಿ ನೋಡಿಕೊಂಡು ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಟ್ಯಾಂಕಿನ ಕೆಳಗಿನ ನಲ್ಲಿಯ ಜಾಲರಿ ಉಜ್ಜಿದೆ. ಚನ್ನಪಟ್ಟಣದ ಮೆಕ್ಯಾನಿಕ್ಕು ಪೈಪು, ಪ್ಲಗ್ಗು ಎರಡನ್ನೂ ಬದಲಾಯಿಸಿದ. ಅವನ ಅಂಗಡಿ ಮುಂದೆ ಗುಡುಗುಡು ಅನ್ನುತ್ತಿದ್ದ ಬೈಕು ದಾರಿಯಲ್ಲಿ ಮತ್ತೆ ಕೈಕೊಟ್ಟಿತು.

ಕಣ್ಣು ಮಂಜಾಗಿ ಬೈಕು ಬಿಟ್ಟಿದ್ದ ಅಪ್ಪ ಜಗುಲಿ ಮೇಲೆ ಕೂತು ನನ್ನ ಒದ್ದಾಟವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ನಾನು ಬೈಕು ಬಿಚ್ಚಿಕೊಂಡು ಕೂತ ಮೂರನೇ ಭಾನುವಾರ ಅಂದ: "ನಿನ್ ಕೈಲಿ ಆಗಾಕಿಲ್ಲ ಕಣ್ಲಾ. ಅವ್ಳು ಬರ್ಲಿ, ಬುಡು."

ಅವಳು ಎಂದರೆ ನನ್ನ ತಂಗಿ. ಕುದೂರಿಗೆ ಕೊಟ್ಟಿದ್ದೇವೆ, ಪಿಯುಸಿ ಆದ ಮೇಲೆ ಟಿ.ಸಿ.ಎಚ್. ಮಾಡಿ ಅಲ್ಲೇ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಚಿಕ್ಕಂದಿನಲ್ಲಿ ಅಪ್ಪ ಬೈಕು ಬಿಚ್ಚಿದಾಗಲೆಲ್ಲ ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಸ್ಪ್ಯಾನರ್ ಎತ್ತಿಕೊಡುತ್ತಿದ್ದಳು. ನಾನು ಹತ್ತಿರ ಹೋದರೆ "ನೀನ್ ಹೋಗಿ ಓದ್ಕೋ" ಎನ್ನುತ್ತಿದ್ದ. ಕಿಟಕಿಯಾಚೆ ಅವರಿಬ್ಬರೂ ಇಂಜಿನ್ನಿಗೆ ಕಿವಿಗೊಟ್ಟು ಏನೋ ಗುಟ್ಟಾಗಿ ಮಾತಾಡಿಕೊಂಡು ನಗುತ್ತಿದ್ದರೆ, ನನ್ನ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು. ನಲವತ್ತೆರಡು ವರ್ಷದ ಗಂಡಸು ಇನ್ನೂ ಅದನ್ನು ಇಟ್ಟುಕೊಂಡಿದ್ದಾನೆ ಎಂದು ಹೇಳಿಕೊಳ್ಳಲು ನಾಚಿಕೆ. ಆದರೂ ಇಟ್ಟುಕೊಂಡಿದ್ದೆ.

ದಸರಾ ರಜೆಗೆ ಅವಳು ಬಂದಳು. ಸ್ಪ್ಯಾನರ್ ಮುಟ್ಟಲೂ ಇಲ್ಲ. "ಮೊದ್ಲು ನಿಲ್ಲೋವರ್ಗೂ ಓಡ್ಸಣ ನಡಿಯಣ್ಣ" ಅಂದಳು. ಸಾತನೂರಿನ ಕಡೆ ಹೊರಟೆವು. ಓಡಿಸಿದವಳು ಅವಳು, ನಾನು ಹಿಂದೆ ಕೂತಿದ್ದೆ. ಇವತ್ತೊಂದು ದಿನ ಇದು ನಿಲ್ಲದೇ ಇರಲಿ, ಇವಳ ಕೈಲೂ ಆಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ತೆಂಗಿನ ತೋಟವೊಂದರ ಪಕ್ಕ ಬೈಕು ನಿಂತಿತು. ಅವಳು ಕಾರ್ಬೊರೇಟರಿನಿಂದ ಪೈಪು ಕಿತ್ತು ಹಿಡಿದಳು. ಪೆಟ್ರೋಲು ನಾಲ್ಕು ಹನಿ ತೊಟ್ಟಿಕ್ಕಿ ನಿಂತಿತು. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು. ಅವಳು ಮೆಲ್ಲಗೆ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಉಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದು, ಆ ಕ್ಷಣವೇ ಪೈಪಿನಿಂದ ಪೆಟ್ರೋಲು ಧಾರೆಯಾಗಿ ಸುರಿಯಿತು.

"ಗಾಳಿ ಹೋಗ್ದೆ ಪೆಟ್ರೋಲ್ ಹೆಂಗಣ್ಣ ಇಳೀತದೆ?" ಎಂದು ನಲ್ಲಿ ತಿರುಗಿಸಿ, ಮುಚ್ಚಳವನ್ನು ತಲೆಕೆಳಗು ಮಾಡಿ ನೋಡಿದಳು. ಗಾಳಿಯಾಡಲು ಇರುವ ಸಣ್ಣ ತೂತಿಗೆ ಬೂದುಬಣ್ಣದ ಅಂಟು ಮೆತ್ತಿತ್ತು.

ಮೆತ್ತಿದ್ದವನು ನಾನೇ. ಮಳೆನೀರು ಟ್ಯಾಂಕಿಗೆ ಇಳಿಯುತ್ತದೆಂದು, ಬೈಕು ಸಿಕ್ಕಿದ ಹೊಸತರಲ್ಲಿ, ಅಪ್ಪನಿಗೆ ತಿಳಿಯದ್ದು ನನಗೆ ತಿಳಿಯಿತೆಂಬ ಜಂಬದಲ್ಲಿ ಮೆತ್ತಿದ್ದೆ.

"ಯಾರೋ ಅಂಟು ಹಾಕವ್ರೆ," ಅಂದಳು.

"ಮೆಕ್ಯಾನಿಕ್ಕೇ ಇರ್ಬೇಕು," ಅಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ದುಪಟ್ಟಾದ ಪಿನ್ನು ತೆಗೆದು ಅಂಟು ಕೆರೆಯತೊಡಗಿದಳು.

ಎಲ್ಲೂ ನಿಲ್ಲದೆ ಮನೆಗೆ ಬಂದೆವು. ಅಪ್ಪ ಕೇಳಿದ, "ಏನಾಗಿತ್ತವ್ವ?"

"ಮುಚ್ಚಳದಲ್ಲಿ ಧೂಳು ಕಟ್ಕಂಡಿತ್ತು ಕಣಪ್ಪ, ಅಷ್ಟೇಯ."

"ನೋಡ್ದೇನ್ಲಾ!" ಎಂದು ಅಪ್ಪ ತೊಡೆ ತಟ್ಟಿಕೊಂಡು ನಕ್ಕ. ನಾನು ಎಂ.ಎ. ಪಾಸಾದಾಗಲೂ ಅವನು ಹಾಗೆ ನಕ್ಕಿರಲಿಲ್ಲ. ಅವಳು ನನ್ನನ್ನು ಬಿಟ್ಟುಕೊಡಲಿಲ್ಲವಲ್ಲ, ಅದು ಇನ್ನಷ್ಟು ಉರಿಸಿತು. ಬಚ್ಚಲ ಬಳಿ ಅವಳು ಕೈ ತೊಳೆಯುತ್ತಿದ್ದಾಗ ಹೋಗಿ, "ಅಂಟು ಹಾಕಿದ್ದು ನಾನೇ ಕಣಮ್ಮ" ಅಂದೆ.

"ಗೊತ್ತಾಯ್ತು," ಎಂದು ಬೆರಳ ಸಂದಿಯ ಮಸಿ ಉಜ್ಜುತ್ತಲೇ ಹೇಳಿದಳು. "ಅಪ್ಪ ನಿನ್ನ ಮೈಸೂರ್ ಹಾಸ್ಟೆಲ್ಗೆ ಬುಟ್ಟು ಬಂದ ದಿನ ನಾನು ಊಟ ಮಾಡ್ನಿಲ್ಲ, ಗೊತ್ತೇನಣ್ಣ? ನಂಗೂ ಡಿಗ್ರಿ ಓದ್ಬೇಕಿತ್ತು. ಸ್ಪ್ಯಾನರ್ ಹಿಡ್ಕೊಂಡು ಕೂತಿದ್ದೋಳ್ನ ಓದ್ಕೋ ಹೋಗು ಅಂತ ಒಬ್ರೂ ಅನ್ನಲಿಲ್ಲ."

ನಾನು ಒಳಗೆ ಹೋಗಿ ಟವೆಲ್ಲು ತಂದುಕೊಟ್ಟೆ.

ಆ ಮಾತಿನಿಂದ ನನ್ನ ಹೊಟ್ಟೆಕಿಚ್ಚು ಆರಿತು ಎಂದರೆ ಸುಳ್ಳಾದೀತು. ರಜೆ ಮುಗಿಸಿ ಅವಳು ಕುದೂರಿಗೆ ಹೋದ ವಾರದಲ್ಲೇ ತೋಟದ ಮೋಟಾರು ಗುಂಯ್‌ಗುಡತೊಡಗಿತು. ಅಪ್ಪ ಫೋನನ್ನು ಮೋಟಾರಿನ ಪಕ್ಕ ಹಿಡಿದು ಅವಳಿಗೆ ಸದ್ದು ಕೇಳಿಸುತ್ತಿದ್ದ. ನಾನು ಎರಡು ಮಾರು ಆಚೆ, ಕೈಕಟ್ಟಿಕೊಂಡು ನಿಂತಿದ್ದೆ.