ನೀನೇ ನೋಡಿದ್ಯಾ?

ಅಣ್ಣನ ಬಲ ಅಂಗೈ ಹಸುವಿನ ನಾಲಿಗೆಯಂತೆ ಒರಟು. ಕಾಲೇಜಿನಲ್ಲಿ ಪಾಠ ಹೇಳುವವನ ಕೈ ಅನ್ನಿಸುತ್ತಲೇ ಇರಲಿಲ್ಲ. ಎಲ್ಲೇ ಹಳೆಯ ಕಲ್ಲು ಕಂಡರೂ, ಗುಡಿಯ ಗೋಡೆಯಾಗಲಿ ಬಾವಿಕಟ್ಟೆಯಾಗಲಿ, ಕನ್ನಡಕ ತೆಗೆದು ಜೇಬಿಗಿಟ್ಟು ಅಂಗೈ ಆಡಿಸುತ್ತಿದ್ದ. "ಕಣ್ಣಿಗೆ ಕಾಣದ ಅಕ್ಷರ ಕೈಗೆ ಸಿಗುತ್ತೆ ಕಣೇ" ಎನ್ನುತ್ತಿದ್ದ.

ಈಜಿಪ್ಟು, ಸುಮೇರಿಯಾ, ಹರಪ್ಪ ಅಂತ ದಪ್ಪ ದಪ್ಪ ಪುಸ್ತಕ ಬರೆದವನು ಅವನು. ನಾನು ಓದಿದ್ದು ಆರನೇ ಕ್ಲಾಸು. ಆದರೂ ಭಾನುವಾರ ಅತ್ತಿಗುಪ್ಪೆಯಿಂದ ಬಸ್ಸಿನಲ್ಲಿ ಸುಂಕದಕಟ್ಟೆಗೆ ಬಂದು, ಬರೆದದ್ದನ್ನು ನನಗೆ ಓದುತ್ತಿದ್ದ. ನಾನು ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದೆ.

"ರಾಜ ಸತ್ತ, ಅವನ ಮಗ ಬಂದ, ಅವನೂ ಸತ್ತ. ಹೆಂಗಸ್ರು ಏನ್ ಅಡುಗೆ ಮಾಡ್ತಿದ್ರು ಅಂತ ಬರೀಲೇ ಇಲ್ವಲ್ಲ ಅಣ್ಣ?"

"ಹೌದಲ್ಲೇ! ಎಲ್ರನ್ನೂ ಉಪವಾಸ ಕೆಡವ್ಬಿಟ್ಟಿದೀನಿ" ಎಂದು ನಕ್ಕ. ಮುಂದಿನ ಸಲ ಬಂದಾಗ ಬಾರ್ಲಿ ರೊಟ್ಟಿ, ಈರುಳ್ಳಿ, ಒಣಮೀನಿಗೆ ಒಂದು ಪುಟವೇ ಸಿಕ್ಕಿತ್ತು.

ಎದುರುಮನೆ ಸೊಸೆ ತವರಿಗೆ ಹೊರಟುಹೋದಳು ಎಂದರೂ ಅವನು ಕೇಳುತ್ತಿದ್ದದ್ದು ಒಂದೇ. "ನೀನೇ ನೋಡಿದ್ಯಾ, ಯಾರಾದ್ರೂ ಹೇಳಿದ್ರಾ?"

"ಯಾವುದಾದ್ರೇನು, ಹೋಗಿದ್ದು ನಿಜ ತಾನೇ?"

"ಇತಿಹಾಸ ಬರೆಯೋದು ಅಂದ್ರೆ ಇಷ್ಟೇ ಕಣೇ. ನೋಡಿದ್ದನ್ನ ನೋಡಿದ್ದು ಅನ್ನು, ಕೇಳಿದ್ದನ್ನ ಕೇಳಿದ್ದು ಅನ್ನು. ಎರಡನ್ನೂ ಬೆರೆಸ್ಬೇಡ."

ನಮ್ಮ ರಾಗಿ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿತ್ತು. ಕದ್ದ ದನ ಬಿಡಿಸಲು ಹೋಗಿ ಸತ್ತನಂತೆ ಆ ವೀರ, ಕಲ್ಲಿನಲ್ಲಿ ಬಿಲ್ಲು ಹಿಡಿದು ನಿಂತಿದ್ದ. ಯುಗಾದಿಯಲ್ಲಿ ಅವ್ವ ಅದಕ್ಕೆ ಎಣ್ಣೆ ಸವರುತ್ತಿದ್ದಳು. ಅಣ್ಣ ಮೊಟ್ಟಮೊದಲು ಅಂಗೈ ಆಡಿಸಿದ ಕಲ್ಲು ಅದೇ.

ಹೊಲ ಸೈಟುಗಳಾಯಿತು. ನನ್ನ ಪಾಲಿನಲ್ಲಿ ಮನೆ ಎದ್ದಿತು. ಗೃಹಪ್ರವೇಶದ ಅವಸರ, ಬಾಗಿಲ ಮೆಟ್ಟಿಲಿಗೆ ಚಪ್ಪಡಿ ಬಂದಿರಲಿಲ್ಲ. ಮೇಸ್ತ್ರಿ ಬದುವಿನ ಕಡೆ ನೋಡಿ, "ಅಕ್ಕ, ಆ ಕಲ್ಲಿನ ಬೆನ್ನು ಸಪಾಟಾಗಿದೆ. ಮಗುಚಿ ಹಾಕಿದ್ರೆ ಹೇಳಿ ಮಾಡಿಸ್ದಂಗೆ ಕೂರುತ್ತೆ" ಅಂದ. ಅಣ್ಣ ಆಗ ಯಾವುದೋ ಉತ್ಖನನ ನೋಡಲು ಗುಜರಾತಿಗೆ ಹೋಗಿದ್ದ. ನಾನು ಹ್ಞೂಂ ಅಂದೆ.

ಅವನು ಬಂದವನೇ ಕೇಳಿದ, "ಕಲ್ಲೆಲ್ಲೇ?"

"ರಸ್ತೆ ಮಾಡೋವಾಗ ಜೆಸಿಬಿಯವ್ರು ಎತ್ಕೊಂಡು ಹೋದ್ರು ಅಣ್ಣ."

"ನೀನೇ ನೋಡಿದ್ಯಾ?"

"ಹ್ಞೂಂ. ನಾನೇ ನೋಡಿದೆ."

ಅವನು ಆ ಮೆಟ್ಟಿಲ ಮೇಲೇ ಕುಸಿದು ಕೂತ.

ಆಮೇಲೆ ಕಚೇರಿಯಿಂದ ಕಚೇರಿಗೆ ಕಲ್ಲನ್ನು ಹುಡುಕಿ ಅಲೆದ. ಮಣ್ಣು ಸುರಿಯುವ ಗುಂಡಿಗಳಲ್ಲೂ ಇಳಿದು ನೋಡಿ, ಪ್ಯಾಂಟಿನ ತುಂಬಾ ಧೂಳು ಮಾಡಿಕೊಂಡು ಬರುತ್ತಿದ್ದ. ಬಂದು ಕೂರುತ್ತಿದ್ದದ್ದು ಅದೇ ಮೆಟ್ಟಿಲ ಮೇಲೆ, ನನ್ನ ರಂಗೋಲಿ ಅಳಿಸದ ಹಾಗೆ ಪಕ್ಕಕ್ಕೆ ಸರಿದು. ಇವತ್ತು ಹೇಳಿಬಿಡೋಣ ಎಂದು ಬಾಯಿ ತೆರೆದು, ಕಾಫಿ ತರುತ್ತೇನೆ ಎಂದು ಒಳಗೆ ಹೋಗುತ್ತಿದ್ದೆ.

ಅವನ ಕೊನೆಯ ಪುಸ್ತಕ ನಮ್ಮ ಊರಿನದು. ಅಚ್ಚಾಗಿ ಬಂದ ದಿನವೇ ನನಗೊಂದು ಪ್ರತಿ ತಂದುಕೊಟ್ಟ. ಬೆರಳಿಟ್ಟುಕೊಂಡು ನಿಧಾನಕ್ಕೆ ಓದುತ್ತಾ ಹೋದೆ. ಒಂದು ಕಡೆ ಬೆರಳು ನಿಂತಿತು. "ಆ ವೀರಗಲ್ಲು ರಸ್ತೆ ಕೆಲಸದಲ್ಲಿ ಹೋಯಿತು. ನನ್ನ ತಂಗಿ ಕಣ್ಣಾರೆ ಕಂಡಿದ್ದಾಳೆ." ರಾಜರು ಕೆತ್ತಿಸಿದ ಮಾತನ್ನೇ ಅನುಮಾನಿಸುತ್ತಿದ್ದವನು ನನ್ನ ಮಾತಿಗೊಂದು 'ಅಂತೆ' ಕೂಡ ಸೇರಿಸಿರಲಿಲ್ಲ.

ಹೋದ ಚಳಿಗಾಲದಲ್ಲಿ ಅಣ್ಣ ತೀರಿಕೊಂಡ. ಆಸ್ಪತ್ರೆಯಲ್ಲಿ ಕೈ ಹಿಡಿದುಕೊಂಡಾಗ ಅಂಗೈ ಮಗುವಿನದರಂತೆ ಮೆತ್ತಗಾಗಿತ್ತು. ಆಗಲೂ ನಾನು ಹೇಳಲಿಲ್ಲ.

ತಿಥಿ ಮುಗಿದ ಮೇಲೆ ಆಳು ಕರೆಸಿ ಮೆಟ್ಟಿಲು ಎಬ್ಬಿಸಿದೆ. ಕಲ್ಲೇನೋ ಮೇಲೆ ಬಂತು. ವೀರನ ಮುಖ ಮಾತ್ರ ಸಿಮೆಂಟಿಗೆ ಕಚ್ಚಿಕೊಂಡು ಕೆಳಗೇ ಉಳಿಯಿತು. ಬಿಲ್ಲು ಇದೆ, ಕೈ ಇದೆ. ಮುಖವಿದ್ದ ಕಡೆ ಅಂಗೈ ಆಡಿಸಿದೆ. ಏನೂ ಸಿಗಲಿಲ್ಲ.

ಅಣ್ಣನ ಆ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಆ ಸಾಲಿನ ಮೇಲೆ ಗೀಟು ಎಳೆಯಿರಿ. ತಪ್ಪು ಬರೆದವನದಲ್ಲ, ಹೇಳಿದವಳದು. ಕಲ್ಲು ನನ್ನ ಅಂಗಳದಲ್ಲಿದೆ. ಇದನ್ನು ನಾನೇ ನೋಡಿದ್ದೇನೆ.