ಜೋರಲೆ ಹೇಳು

ಅಂಬಾದಾಸನ ಕಿವಿ ಹೋಗಿವೆ ಎಂಬ ಸಂಗತಿ ಭೂಮಿಯ ಮೇಲೆ ಒಬ್ಬಳಿಗೇ ಗೊತ್ತಿತ್ತು. ಅವಳು ಅವನ ಹೆಂಡತಿ ಮರಗಮ್ಮ.

ವಿಜಯಪುರದ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಭಿವಂಡಿಗೆ ಬಂದು ಪವರ್‌ಲೂಮ್ ಕಾರ್ಖಾನೆ ಸೇರಿದವನು ಅಂಬಾದಾಸ. ತಗಡಿನ ಮಾಡಿನ ಕೆಳಗೆ ಸಾಲು ಸಾಲು ಮಗ್ಗ. ಲಾಳಿ ಆಚೆಯಿಂದ ಈಚೆಗೆ ಬಡಿದುಕೊಳ್ಳುವ ಸಪ್ಪಳದಲ್ಲಿ ಪಕ್ಕದವನು ಗಂಟಲು ಹರಿದು ಕೂಗಿದರೂ ಕೇಳದು. ಅಲ್ಲಿ ದುಡಿಯುವವರೆಲ್ಲ ತುಟಿ ನೋಡಿಯೇ ಮಾತು ತಿಳಿಯುವವರು. ಹಾಗಾಗಿ ಕಿವಿ ಯಾವಾಗ ಮಂದವಾಯಿತು, ಯಾವಾಗ ಕಿವಿಯ ಬಳಿ ಕೂಗಿದರಷ್ಟೇ ಕೇಳುವಂತಾಯಿತು ಎಂಬುದು ಅವನಿಗೇ ಗೊತ್ತಾಗಲಿಲ್ಲ. ಮರಗಮ್ಮನಿಗೆ ಗೊತ್ತಾಯಿತು. ಅವಳು ಯಾರಿಗೂ ಹೇಳಲಿಲ್ಲ. ಮನೆಗೆ ಯಾರಾದರೂ ಬಂದರೆ ಗಂಡನ ಎದುರಿಗೇ ಕೂತು, ಬಂದವರ ಮಾತನ್ನು ತನ್ನ ಬಾಯಲ್ಲಿ ಇನ್ನೊಮ್ಮೆ ಆಡಿ ತೋರಿಸುವಳು: “ಕೇಳಿದ್ರೇನು, ಯಂಕಣ್ಣನ ಮಗಳ ಲಗ್ನ ಗೊತ್ತಾತಂತ!” ಅಂಬಾದಾಸ ತಲೆಯಾಡಿಸುವನು. ಮರಗಮ್ಮನಿಗೆ ಮಾತು ಹೆಚ್ಚು ಎಂದು ಚಾಳಿನ ಅಕ್ಕಪಕ್ಕದ ಮನೆಯವರು ನಗುತ್ತಿದ್ದರು. ಆಡಿಕೊಳ್ಳಲಿ ಬಿಡು ಎಂದು ಅವಳೂ ನಗುತ್ತಿದ್ದಳು.

ಒಬ್ಬಳೇ ಮಗಳು, ಜ್ಯೋತಿ. ಅವಳು ಕಾಲೇಜಿಗೆಂದು ಖಾರಘರದ ಹಾಸ್ಟೆಲ್ ಸೇರಿದ ಮೇಲೆಯೇ ಅಪ್ಪನ ಕಿವಿ ಕೈಬಿಟ್ಟದ್ದು. ರಜೆಗೆ ಬಂದಾಗ ಅವಳಿಗೆ ಕಾಣುತ್ತಿದ್ದದ್ದು, ಕರೆದರೆ ಓಗೊಡದ, ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಅಪ್ಪ. ತನ್ನ ಮಾತೆಂದರೆ ಇವನಿಗೆ ಲಕ್ಷ್ಯವಿಲ್ಲ ಎಂದುಕೊಂಡಳು. ಓದು ಮುಗಿಸಿ ಜಾಹೀರಾತುಗಳಿಗೆ ಧ್ವನಿ ಜೋಡಿಸುವ ಆಫೀಸಿನಲ್ಲಿ ಕೆಲಸ ಹಿಡಿದಳು. ಹಿತೇಶ್ ಎಂಬ ಗೆಳೆಯನ ಜೊತೆ ಸೇರಿ ಲ್ಯಾಪ್‌ಟಾಪಿನಲ್ಲಿ ಹಾಡು ಕಟ್ಟತೊಡಗಿದಳು. ಅಂಬಾದಾಸನಿಗೆ ಆ ಹಾಡುಗಳ ಸುದ್ದಿಯೂ ಹೆಂಡತಿಯ ತುಟಿಯಿಂದಲೇ ಮುಟ್ಟಿತ್ತು.

ಮೂರು ವರ್ಷದ ಹಿಂದೆ, ಮಳೆಗಾಲದಲ್ಲಿ, ಮರಗಮ್ಮನಿಗೆ ಕಾಮಾಲೆ ಏರಿತು. ಕಲ್ಯಾಣದ ಒಂದು ಆಸ್ಪತ್ರೆಗೆ ಸೇರಿಸಿದರು. ಜ್ಯೋತಿ ರಜೆ ಹಾಕಿ ಅವ್ವನ ಹಾಸಿಗೆಯ ಬುಡದಲ್ಲೇ ಉಳಿದಳು. ಅಂಬಾದಾಸ ಪಾಳಿ ಮುಗಿಸಿ ಸಂಜೆಗೆ ಗಂಜಿ ಕಾಯಿಸಿಕೊಂಡು ಹೋಗುತ್ತಿದ್ದ. ಹುಷಾರಾಗುತ್ತಾಳೆ ಎಂದೇ ಎಲ್ಲರ ನಂಬಿಕೆ. ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಅವನ ಜೇಬಿನ ಮೊಬೈಲು ನಡುಗಿತು. ಬಾಗಿಲಾಚೆ ಬಂದು ಕಿವಿಗೆ ಒತ್ತಿಕೊಂಡ. ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಏನೋ ಒಂದು. ಸಂಜೆಗೆ ಗಂಜಿ ತಾ ಎಂದು ಮಗಳು ಹೇಳುತ್ತಿದ್ದಾಳೆ ಎಂದುಕೊಂಡ. “ಹೂಂ, ಆತು ಆತು” ಎಂದು ಫೋನಿಟ್ಟು ಮಗ್ಗದ ಹತ್ತಿರ ಹೋದ.

ಸಂಜೆ ಗಂಜಿಯ ಡಬ್ಬಿ ಹಿಡಿದು ವಾರ್ಡಿಗೆ ಬಂದರೆ ಮರಗಮ್ಮನ ಮುಖದ ಮೇಲೆ ಬಿಳಿ ಬಟ್ಟೆ ಎಳೆದಿದ್ದರು.

ಜ್ಯೋತಿ ಅವನ ಅಂಗಿ ಹಿಡಿದು ಜಗ್ಗಿದಳು. ಅವಳ ತುಟಿಯ ಮೇಲೆ ಒಂದೊಂದು ಮಾತೂ ಸ್ಪಷ್ಟವಾಗಿ ಕಂಡಿತು. “ಫೋನ್ ಮಾಡಿದ್ನೆಲ್ಲಾ! ಅವ್ವ ಉಳಿಯೂದಿಲ್ಲ, ನಿನ್ನ ಕೇಳಾಕತ್ತಾಳ, ಈಗಿಂದೀಗ ಬಾ ಅಂದಿದ್ನೆಲ್ಲಾ! ಹೂಂ ಅಂದಿ! ಹೂಂ ಅಂದು ಕೆಲಸ ಮಾಡಕೋತ ಕುಂತಿ!”

ಮಧ್ಯಾಹ್ನ ಫೋನಿನೊಳಗೆ ಇದ್ದದ್ದೇನೆಂದು ಅಂಬಾದಾಸನಿಗೆ ಆಗ ತಿಳಿಯಿತು. ಹೇಳಬಹುದಿತ್ತು. ಆದರೆ ಹೆಣದ ಮುಂದೆ ನಿಂತು ನನಗೆ ಕಿವಿ ಕೇಳಿಸುವುದಿಲ್ಲ ಎಂದರೆ ಬರದಿದ್ದಕ್ಕೆ ನೆವ ಹೇಳಿದ ಹಾಗಾಗುತ್ತದೆ ಅನ್ನಿಸಿತು. ಮರುದಿನ ಹೇಳೋಣವೆಂದರೆ ಬಾಯಿ ಬರಲಿಲ್ಲ. ದಿನ ಕಳೆದಂತೆ ಹೇಳುವುದು ಇನ್ನಷ್ಟು ಕಷ್ಟವಾಗುತ್ತಾ ಹೋಯಿತು.

ಆಮೇಲೆ ಕಾರ್ಖಾನೆ ಮುಚ್ಚಿತು, ಉಳಿದಿದ್ದ ಅಷ್ಟಿಷ್ಟು ಕಿವಿಯೂ ಮುಚ್ಚಿತು. ಅವನು ಹೆದ್ದಾರಿಯ ಬದಿಯ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಟೇಪು ಸುತ್ತುವ ಕೆಲಸಕ್ಕೆ ಸೇರಿದ. ಅಲ್ಲಿ ಮಾಲು ಹೊರುವ ಗಾಡಿಗಳು ಹಾರ್ನ್ ಹೊಡೆಯುತ್ತ ಹಿಂದಕ್ಕೆ ಬರುತ್ತವೆ. ಕಿವುಡನೆಂದು ಗೊತ್ತಾದರೆ ಅಂದೇ ಲೆಕ್ಕ ಚುಕ್ತಾ ಮಾಡಿ ಕಳಿಸುವರು. ಗೋಡೆಗೆ ಬೆನ್ನು ಕೊಟ್ಟೇ ನಿಂತು ಕೆಲಸ ಮಾಡುತ್ತಿದ್ದ. ಜ್ಯೋತಿ ತಿಂಗಳಿಗೊಮ್ಮೆ ಬಂದು, ಮಾತ್ರೆ ಔಷಧಿ ಇಟ್ಟು, ನಿಂತ ಕಾಲಲ್ಲೇ ಹೊರಡುವಳು. ಆಡುವ ಎರಡು ಮಾತೂ ಹಿಂದಿಯಲ್ಲಿ. ಅವ್ವನ ಜೊತೆಗೇ ಆ ಮನೆಯಿಂದ ಕನ್ನಡವೂ ಎದ್ದು ಹೋಗಿತ್ತು.

ಕಳೆದ ಫೆಬ್ರವರಿಯಲ್ಲಿ ಬಂದವಳು ಬಾಗಿಲಲ್ಲೇ ನಿಂತಳು. ಟಿಕೆಟ್ಟಿನ ಬದಲು ಕೈಗೆ ಕಟ್ಟುವ ಬಟ್ಟೆಯ ಪಟ್ಟಿಯೊಂದನ್ನು ಮುಂದೆ ಚಾಚಿದಳು. “ಖಾರಘರದಾಗ ಶನಿವಾರ ರವಿವಾರ ಮ್ಯೂಸಿಕ್ ಫೆಸ್ಟಿವಲ್ ಐತಿ. ರವಿವಾರ ಸಂಜಿಗೆ ನಮ್ಮದು. ನಿನಗ ಕೇಳಸ್ಬೇಕಂತ ಒಂದು ಹಾಡು ಮಾಡೀನಿ. ಕನ್ನಡದಾಗ.”

ಅವಳ ಮುಖದಲ್ಲಿ ನಗು ಇರಲಿಲ್ಲ. ಅಂಬಾದಾಸ ಅದನ್ನು ನೋಡಲಿಲ್ಲ. ಅವನು ನೋಡಿದ್ದು ತುಟಿಯನ್ನಷ್ಟೆ, ತುಟಿಯ ಮೇಲಿನ ಕನ್ನಡವನ್ನಷ್ಟೆ. “ಬರ್ತೀನವ್ವ. ಬರದ ಇರ್ತೀನೇನು!” ಎಂದ.

ಪಟ್ಟಿ ಎರಡೂ ದಿನಕ್ಕಿತ್ತು. ಎಲ್ಲಿ ನಿಲ್ಲಬೇಕು, ಯಾವ ಸ್ಟೇಜು, ನೋಡಿಟ್ಟುಕೊಳ್ಳೋಣವೆಂದು ಶನಿವಾರವೇ ಹೊರಟ. ಗಡ್ಡ ಕೆರೆಸಿ, ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟು, ಬಸ್ಸಿನಲ್ಲಿ ಠಾಣೆಗೆ ಬಂದು ಪನವೇಲ್ ಗಾಡಿ ಹತ್ತಿದ. ಗುಡ್ಡದ ಬುಡದ ಮೈದಾನದಲ್ಲಿ ಜನವೋ ಜನ. ಬೆಳ್ಳಿ ಬಣ್ಣ ಬಳಿದ ಕೆನ್ನೆಗಳು, ನೀಲಿ ಕೂದಲು, ಹರಿದ ಹಾಗೆ ಹೊಲಿದ ಪ್ಯಾಂಟುಗಳು. ಅಷ್ಟು ಜನರ ಬಾಯಿ ಆಡುತ್ತಿತ್ತು, ಅವನ ಪಾಲಿಗೆ ಎಲ್ಲ ನಿಶ್ಶಬ್ದ. ಸಂಕೋಚದಿಂದ ಒಂದು ಬದಿಗೆ ಸರಿಯುತ್ತ ಸರಿಯುತ್ತ ಫಲಕದಲ್ಲಿ ಮಗಳ ಫೋಟೋ ಇದ್ದ ಸಣ್ಣ ಸ್ಟೇಜೊಂದರ ಪಕ್ಕ ಪೇರಿಸಿದ್ದ ಕರಿ ಪೆಟ್ಟಿಗೆಗಳ ಮುಂದೆ ಬಂದ. ಅಲ್ಲಿ ನೆಲ ಕುಣಿಯುತ್ತಿತ್ತು. ಢಂ ಢಂ ಎಂದು ಅಂಗಾಲಿನಿಂದ ಏರಿ, ಹೊಟ್ಟೆ ಹೊಕ್ಕು, ಎದೆಯ ಗೂಡಿನಲ್ಲಿ ಬಡಿಯಿತು. ಅಂಬಾದಾಸ ಬೆಚ್ಚಿ ನಿಂತ. ಎಷ್ಟು ವರ್ಷವಾಗಿತ್ತು ಅವನ ಮೈಗೆ ಒಂದು ಸಂಗೀತ ಮುಟ್ಟಿ! ನಾಳೆ ಮಗಳ ಹಾಡಿಗೆ ಇಲ್ಲೇ ನಿಲ್ಲಬೇಕೆಂದು ಆ ಜಾಗ ಗುರುತು ಮಾಡಿಕೊಂಡು ಭಿವಂಡಿಗೆ ಮರಳಿದ.

ರವಿವಾರ ಬಿಸಿಲಿರುವಾಗಲೇ ಬಂದು ಅದೇ ಪೆಟ್ಟಿಗೆಗಳ ಮುಂದೆ ನಿಂತ. ಮೈದಾನದ ಸ್ವಯಂಸೇವಕಿಯೊಬ್ಬಳು ಓಡಿ ಬಂದು ಎರಡು ಹಳದಿ ಸ್ಪಂಜಿನ ಬೆಂಡು ಅವನ ಅಂಗೈಗೆ ಇಟ್ಟಳು. ತನ್ನ ಕಿವಿ ಮುಟ್ಟಿ ತೋರಿಸಿ, “ಹಾಕ್ಕೊಳ್ಳಿ ಅಂಕಲ್, ಸ್ಪೀಕರ್ ಹತ್ತಿರ ನಿಂತರೆ ಕಿವಿ ಹಾಳಾಗ್ತವೆ” ಎಂದು ಹಿಂದಿಯಲ್ಲಿ ಅಂದಳು. ಒಳ್ಳೆಯ ಹುಡುಗಿ, ಬೇಡವೆನ್ನಬಾರದೆಂದು ಅವನು ಎರಡೂ ಕಿವಿಗೆ ತುರುಕಿಕೊಂಡ.

ಜ್ಯೋತಿ ಸ್ಟೇಜಿಗೆ ಬಂದಳು. ಹಿಂದೆ ಹಿತೇಶ್ ಲ್ಯಾಪ್‌ಟಾಪಿನ ಮೇಲೆ ಬಾಗಿದ. ಮೊದಲ ಪೆಟ್ಟು ಬಿದ್ದ ಕೂಡಲೇ ಅಂಬಾದಾಸನಿಗೆ ಗೊತ್ತಾಯಿತು: ಅದು ಮಗ್ಗ. ಲಾಳಿ ಹೋಗಿ ಬರುವ ಪೆಟ್ಟು. ಎಂದೋ ಕಾರ್ಖಾನೆಗೆ ಬುತ್ತಿ ತಂದು ಬಾಗಿಲಲ್ಲಿ ಕಾಯುತ್ತಿದ್ದ ಕೂಸು ಅದನ್ನು ಕೇಳಿ ಇಟ್ಟುಕೊಂಡಿದೆ! ಅವನ ಮುಖ ಅರಳಿತು. ಮಗಳು ಮೈಕನ್ನು ಬಾಯಿಗೆ ಒತ್ತಿಕೊಂಡಳು. ಈಗ ತುಟಿ ಕಾಣದಾಯಿತು. ಹೋಗಲಿ, ಎದೆಗೆ ಬಡಿಯುತ್ತಿದೆಯಲ್ಲ, ಅಷ್ಟು ಸಾಕೆಂದು ಅವನು ತಲೆದೂಗಿದ.

ಅವಳು ಹಾಡಿದ್ದು ಇದು:

ಹಾಸಿಗಿಮ್ಯಾಗ ಅವ್ವ ಕೇಳ್ಯಾಳ, ಅಪ್ಪ ಬಂದನೇನ
ಬರ್ತೀನಂದವ ಬರಲಿಲ್ಲ, ಮಗ್ಗ ನಿಲ್ಲಲಿಲ್ಲ
ಜೋರಲೆ ಹೇಳು, ಜೋರಲೆ ಹೇಳು

ಸಾಯುವ ದಿನ ಮರಗಮ್ಮ ಮಗಳಿಗೆ ಕೊನೆಯದಾಗಿ ಅಂದ ಮಾತು ಅದು. ಫೋನು ಹಚ್ಚಲು ಹೊರಗೆ ಹೊರಟ ಮಗಳ ಕೈ ಹಿಡಿದು, “ಅವರಿಗೆ ಜೋರಲೆ ಹೇಳವ್ವ, ಜೋರಲೆ ಹೇಳು” ಎಂದಿದ್ದಳು. ಗಂಡನ ಮೇಲಿನ ಸಿಟ್ಟಿಗೆ ಅವ್ವ ಹಾಗೆ ಅಂದಳೆಂದು, ದಬಾಯಿಸಿ ಹೇಳು ಎಂಬುದೇ ಅದರ ಅರ್ಥವೆಂದು ಜ್ಯೋತಿ ತಿಳಿದಿದ್ದಳು. ಮೂರು ವರ್ಷ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಈಗ ಅಪ್ಪನ ಮುಖಕ್ಕೆ ನೇರ ಹಾಡುತ್ತಿದ್ದಳು. ಕನ್ನಡ ಬಾರದ ಸಾವಿರ ಹುಡುಗರು ಕೈಯೆತ್ತಿ “ಜೋರಲೆ ಹೇಳು!” ಎಂದು ಅವಳ ಜೊತೆ ಕೂಗಿದರು. ಅವರ ನಡುವೆ ಬಿಳಿ ಅಂಗಿಯ ಅಪ್ಪ ಕಿವಿಗೆ ಹಳದಿ ಬೆಂಡು ಇಟ್ಟುಕೊಂಡು, ನಗುತ್ತ, ಚಪ್ಪಾಳೆ ತಟ್ಟುತ್ತಿದ್ದ.

ಕೊನೆಯ ಸಾಲು ಅವಳಿಂದ ಹಾಡಲಾಗಲಿಲ್ಲ. ಮೈಕು ಇಟ್ಟು ಇಳಿದಳು. ಜನರ ನಡುವೆ ನುಗ್ಗಿ ಬಂದು ಅಪ್ಪನ ಮೊಣಕೈ ಹಿಡಿದು ಸ್ಟೇಜಿನ ಹಿಂದಿನ ಪರದೆಯ ಆಚೆಗೆ ಎಳೆದುಕೊಂಡು ಹೋದಳು. ಹಿತೇಶ್ ಗಾಬರಿಯಿಂದ ಹಿಂದೆಯೇ ಬಂದ.

“ಭಾಳ ಚಂದಿತ್ತವ್ವ” ಎಂದ ಅಂಬಾದಾಸ. ಅವನ ಕಣ್ಣಲ್ಲಿ ನೀರಿತ್ತು.

ಜ್ಯೋತಿ ಬೆಂಡುಗಳನ್ನು ಕಿತ್ತು ನೆಲಕ್ಕೆ ಒಗೆದಳು. ಅವನ ಮುಖ ನೋಡಲಾರದೆ ಬೆನ್ನು ತಿರುಗಿಸಿ ನಿಂತಳು. “ನಗಾಕತ್ತಿದ್ದಿ. ಅವ್ವನ ಸಾವು ಹಾಡಿದ್ರ ನಗಾಕತ್ತಿದ್ದಿ. ನಿನಗ ಎದಿ ಅನ್ನೂದು ಐತೇನು? ಆವತ್ತು ಯಾಕ ಬರಲಿಲ್ಲ? ಒಂದು ಸಲ ಹೇಳು. ಇವತ್ತರ ಹೇಳು.”

ಅಂಬಾದಾಸನಿಗೆ ಕಂಡದ್ದು ನಡುಗುವ ಭುಜ ಮಾತ್ರ.

“ಅಂಕಲ್, ಜವಾಬ್ ತೋ ದೀಜಿಯೆ” ಎಂದು ಹಿತೇಶ್ ಉತ್ತರಕ್ಕೆ ಒತ್ತಾಯಿಸಿದ.

ಆ ತುಟಿ ಓದಿ ಅವನಿಗೆ ತಿಳಿಯಿತು, ಮಗಳು ಏನೋ ಕೇಳಿದ್ದಾಳೆ. ಹೂಂ ಅನ್ನಲು ಬಾಯಿ ತೆರೆದ. ಈ ಸಲ ಆಗಲಿಲ್ಲ. “ಜ್ಯೋತಿ,” ಎಂದ, “ಈ ಕಡೆ ತಿರುಗಿ ಹೇಳವ್ವ. ಬಾಯಿ ಕಾಣವಲ್ದು.”

ಅವಳು ತಿರುಗಿದಳು. ಅವನ ಕಣ್ಣು ತನ್ನ ತುಟಿಯ ಮೇಲೆ ನೆಟ್ಟಿರುವುದನ್ನು ಕಂಡಳು. ಆಮೇಲೆ ಉಸಿರು ಬಿಡದೆ, ದನಿಯಿಲ್ಲದೆ, ತುಟಿಯನ್ನಷ್ಟೇ ಆಡಿಸಿದಳು: ಅಪ್ಪಾ.

“ಏನವ್ವ?” ಎಂದ ಅಂಬಾದಾಸ.

ಹಿತೇಶನಿಗೆ ಏನೂ ಅರ್ಥವಾಗಲಿಲ್ಲ. ಜ್ಯೋತಿ ವಯರುಗಳನ್ನು ದಾಟಿ ಅಪ್ಪನ ಹತ್ತಿರ ಬಂದಳು. “ಯಾವಾಗಿಂದ?” ಎಂದು ತುಟಿಯಲ್ಲೇ ಕೇಳಿದಳು.

“ನೀ ಹಾಸ್ಟೆಲಿಗೆ ಹೋದ ಮ್ಯಾಲೆ. ನಿಮ್ಮವ್ವಗ ಗೊತ್ತಿತ್ತು.”

“ಆವತ್ತು ಫೋನಿನ್ಯಾಗ...”

“ಕೇಳ್ಲಿಲ್ಲವ್ವ. ಗಂಜಿ ತಾ ಅಂದಿ ಅನ್ಕೊಂಡೆ.”

ಅವ್ವ ಕೈ ಹಿಡಿದು ಅಂದ ಮಾತಿನ ಅರ್ಥ ಜ್ಯೋತಿಗೆ ಆಗ ಹೊಳೆಯಿತು. ಅವ್ವ ಸಿಟ್ಟಾಗಿರಲಿಲ್ಲ. ಮೆಲ್ಲಗೆ ಹೇಳಿದರೆ ಅವರಿಗೆ ಕೇಳಿಸುವುದಿಲ್ಲ, ಜೋರಾಗಿ ಕೂಗಿ ಹೇಳು ಎಂದು ಬೇಡಿಕೊಂಡಿದ್ದಳು. ತಾನು ಆಸ್ಪತ್ರೆಯ ವರಾಂಡದಲ್ಲಿ, ನಾಲ್ಕು ಜನ ಕೇಳಿಯಾರೆಂದು ಬಾಯಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಹೇಳಿದ್ದಳು.

ಅವಳು ಅಪ್ಪನ ಪಾದದ ಮೇಲೆ ಹಣೆಯಿಟ್ಟು ಅತ್ತಳು. ಅವನು ಅವಳ ತಲೆ ನೇವರಿಸುತ್ತ, “ಹಾಡಿನ್ಯಾಗ ಏನಿತ್ತವ್ವ?” ಎಂದು ಕೇಳಿದ. ಅವಳು ಮುಖ ಎತ್ತಲಿಲ್ಲ. ಎತ್ತದ ಹೊರತು ಉತ್ತರ ಕೊಡುವಂತಿರಲಿಲ್ಲ.

ಮುಂದಿನ ವಾರ ಠಾಣೆಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ನರವೇ ಸತ್ತಿದೆ, ಹತ್ತು ವರ್ಷ ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಕಿವಿಗೆ ಮಷೀನು ಹಾಕಿ ನೋಡಿದರು. ತಗಡು ಕೆರೆದಂಥ ಸಪ್ಪಳ ಬಿಟ್ಟರೆ ಮತ್ತೇನೂ ಬರಲಿಲ್ಲ. ಇಂಟರ್ನೆಟ್ಟಿಗೆ ಏರಿಸಿದ್ದ ಆ ಹಾಡನ್ನು ಜ್ಯೋತಿ ಎಲ್ಲ ಕಡೆಯಿಂದ ತೆಗೆಸಿಹಾಕಿದಳು. ಜನ ಕೇಳುತ್ತಿದ್ದಾರೆ, ಇನ್ನೊಂದು ಊರಿನ ಫೆಸ್ಟಿವಲ್‌ನವರೂ ಕರೆದಿದ್ದಾರೆ ಎಂದು ಹಿತೇಶ್ ಎಷ್ಟೋ ಹೇಳಿದ. ಅವಳು ಒಪ್ಪಲಿಲ್ಲ. ಅದರಲ್ಲಿ ಏನಿತ್ತೆಂದು ಅಪ್ಪನಿಗೂ ಹೇಳಲಿಲ್ಲ. ಅವನು ಎರಡನೆಯ ಸಲ ಕೇಳಲೂ ಇಲ್ಲ. ಅವನಿಗೆ ತಿಳಿದೇ ಇರಬೇಕು.

ಈಗ ಪ್ರತಿ ರವಿವಾರ ಭಿವಂಡಿಗೆ ಬರುತ್ತಾಳೆ. ಅಪ್ಪನ ಎದುರಿಗೆ, ಅವ್ವ ಕೂರುತ್ತಿದ್ದ ಜಾಗದಲ್ಲಿ, ಬೆಳಕು ಮುಖಕ್ಕೆ ಬೀಳುವಂತೆ ಕೂತು ಕನ್ನಡದಲ್ಲಿ ಮಾತಾಡುತ್ತಾಳೆ. ಹಾಗೆ ಎದುರುಬದುರು ಕೂತವರಿಗೆ ಕಣ್ಣೀರು ಮರೆಮಾಡಲು ಜಾಗವಿಲ್ಲ. ಎಷ್ಟೋ ಸಲ ಇಬ್ಬರೂ ಮಾತು ನಡುವೆಯೇ ಬಿಟ್ಟು ಏಳುತ್ತಾರೆ.

ಮೊನ್ನೆ ಅವಳು ಸ್ಪೀಕರು ಹೊತ್ತುಕೊಂಡು ಬಂದಳು. ಹಿಂದೊಮ್ಮೆ ಮರಗಮ್ಮ ಅಕ್ಕಿ ಆರಿಸುತ್ತ ತನ್ನಷ್ಟಕ್ಕೆ ಹಾಡಿಕೊಂಡದ್ದನ್ನು ಜ್ಯೋತಿ ಮೊಬೈಲಿನಲ್ಲಿ ತುಂಬಿಟ್ಟಿದ್ದಳಂತೆ. ಅದನ್ನು ಸ್ಪೀಕರಿಗೆ ಹಚ್ಚಿ, ಅಪ್ಪನ ಎರಡೂ ಅಂಗೈ ಅದರ ಮೇಲೆ ಇಡಿಸಿದಳು. ಅಂಬಾದಾಸ ಕಣ್ಣು ಮುಚ್ಚಿ ಕೂತ. ಮರಗಮ್ಮನದು ಎಳೆಯ, ಸಣ್ಣ ದನಿ. ಪಕ್ಕದ ಮನೆಯವರು ಕೇಳಿ ಬಾಗಿಲಿಗೆ ಬಂದರು.

“ಬಂತೇನಪ್ಪಾ?” ಎಂದು ಜ್ಯೋತಿ ಅವನ ಮೊಣಕಾಲು ತಟ್ಟಿ ಕೇಳಿದಳು.

ಅವನು ಕಣ್ಣು ತೆರೆದು ಮಗಳ ಬಾಯಿ ನೋಡಿದ. “ಇಲ್ಲವ್ವ,” ಎಂದ. “ಬರಲಿಲ್ಲ. ನೀ ಕೇಳು.”

ಜ್ಯೋತಿ ಹಾಡು ಮುಗಿಯುವ ತನಕ ಕೇಳಿದಳು. ಅಂಬಾದಾಸ ಅವಳ ಮುಖವನ್ನೇ ನೋಡುತ್ತ ಕೂತಿದ್ದ.